ಚಿಕಿತ್ಸೆ ಇಬ್ಬರಿಗೂ



ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದ ವಿಷಯ ನಮ್ಮ ಮನೆಗಳಲ್ಲಿ ಅಡುಗೆಮನೆ ದಾಟಿ ಹೊರಗೆ ಬರುವುದು ಕಡಿಮೆ. ಬಂದರೂ ಗಂಡಸರು ಊಟ ಮುಗಿಸಿ ಎದ್ದುಹೋದ ಮೇಲೆ, ದನಿ ತಗ್ಗಿಸಿಕೊಂಡು. ಇವತ್ತು ಗಂಡಸರೂ ರೇಡಿಯೋ ಆರಿಸದೆ ಕೂತು ಕೇಳಲಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಮಾತು ಬಹುಪಾಲು ಅವರಿಗೇ ಇದೆ.

ನಾನಿರುವುದು ಮುಂಬಯಿಯ ಪವಾಯಿಯಲ್ಲಿ. ಒಂದು ಬದಿಗೆ 1891ರ ಸುಮಾರಿಗೆ ಕಟ್ಟಿದ ಕೆರೆ, ಅದರ ದಡಕ್ಕೆ ಐಐಟಿ, ಇನ್ನೊಂದು ಬದಿಗೆ ಹಿರಾನಂದಾನಿ ಗಾರ್ಡನ್ಸ್‌ನ ಎತ್ತರದ ಕಟ್ಟಡಗಳು, ಅವುಗಳ ಬೆನ್ನಿಗೆ ಚಾಂದಿವಲಿ. ನಮ್ಮ ಹಿರಿಯರು ತುಳುನಾಡಿನ ಊರು ಬಿಟ್ಟು ಬಂದದ್ದು ಹೋಟೆಲು ಕೆಲಸಕ್ಕೆ. ಈಗಿನವರು ಬರುವುದು ಸಾಫ್ಟ್‌ವೇರ್ ಕಂಪನಿಗೆ, ಬ್ಯಾಂಕಿಗೆ. ಬಂಟರ ಸಂಘದ ಎಸ್. ಎಂ. ಶೆಟ್ಟಿ ಶಾಲೆಯ ಗೇಟಿನ ಮುಂದೆ ಮಧ್ಯಾಹ್ನ ನಿಂತರೆ ತುಳು, ಕನ್ನಡ, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಓದು ಮುಗಿಸಿ, ಕೆಲಸ ಹಿಡಿದು, ಮನೆ ಸಾಲದ ಕಂತು ಶುರುವಾಗಿ ಮದುವೆಯಾಗುವ ಹೊತ್ತಿಗೆ ಇಲ್ಲಿನ ಹುಡುಗ ಹುಡುಗಿಯರಿಗೆ ಮೂವತ್ತು ದಾಟಿರುತ್ತದೆ. ಸಂತಾನ ಚಿಕಿತ್ಸೆಯ ಬೋರ್ಡುಗಳೂ ಈ ಸುತ್ತಿನಲ್ಲಿ ದಂಡಿಯಾಗಿವೆ. ಪ್ರತಿ ಬೋರ್ಡಿನ ಮೇಲೂ ನಗುವ ಒಂದು ಕೂಸು, ಅದನ್ನೆತ್ತಿಕೊಂಡ ತಾಯಿ. ಅಪ್ಪನ ಚಿತ್ರ ಹುಡುಕಬೇಕು.

ನನ್ನ ತಂಗಿಯ ಮಗಳು ಮತ್ತು ಅಳಿಯ ಇದೇ ಪವಾಯಿಯಲ್ಲಿ ಈ ಚಿಕಿತ್ಸೆಯ ದಾರಿ ನಡೆದವರು. ಅವರ ಒಪ್ಪಿಗೆ ಪಡೆದೇ ಮಾತಾಡುತ್ತಿದ್ದೇನೆ. ಹೆಸರು ಹೇಳಬಾರದು ಎಂಬುದು ಅವರ ಷರತ್ತು. "ದೊಡ್ಡಮ್ಮ, ಹೆಸರು ಬಿಟ್ಟು ಮತ್ತೆಲ್ಲ ಹೇಳಿ. ಯಾರಿಗಾದರೂ ಉಪಯೋಗ ಆಗ್ಲಿ" ಎಂದಳು ಅವಳು.

ಮದುವೆಯಾದ ಎರಡನೆಯ ವರ್ಷದಿಂದಲೇ ಊರಿನಿಂದ ಫೋನು ಬಂದಾಗಲೆಲ್ಲ "ಎಂತ, ವಿಶೇಷ ಉಂಟಾ?" ಎಂಬ ಪ್ರಶ್ನೆ ಶುರುವಾಯಿತು. ನಮ್ಮದು ಅಳಿಯಕಟ್ಟಿನ ಮನೆತನ. ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಆ ಹೆಮ್ಮೆಯ ಇನ್ನೊಂದು ಮುಖವನ್ನು ನಾನು ಕಂಡದ್ದು ಆಗ: ಗಂಡನ ಮನೆಯವರಿಗೆ ಮೊಮ್ಮಗು ಬೇಕು, ತವರು ಮನೆಯವರಿಗೆ ಕುಟುಂಬದ ಕುಡಿ ಬೇಕು, ಎರಡೂ ಕಡೆಯವರು ನೋಡುವುದು ಒಬ್ಬಳನ್ನೇ. ತಂಗಿ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದಳು. ಅತ್ತೆ ಕುಡುಪು ದೇವಸ್ಥಾನಕ್ಕೆ ಹರಕೆ ಹೊತ್ತರು. ಇದರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಕೈಮುಗಿಯುವವಳೇ. ಹರಕೆ ಸಲ್ಲಿಸಲು ಕಾಯಬಹುದು, ಅಂಡಾಶಯ ಕಾಯುವುದಿಲ್ಲ ಎನ್ನುವುದಷ್ಟೇ ನನ್ನ ಮಾತು. ಹೆಣ್ಣುಮಗು ಹುಟ್ಟುವಾಗಲೇ ಅದರ ಒಡಲಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಆಮೇಲೆ ಹೊಸತು ಹುಟ್ಟುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. 35ರ ಆಚೆಗೆ ಆ ಇಳಿತ ಜೋರು. ಹಾಗಾಗಿಯೇ ವೈದ್ಯರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಹೆಣ್ಣಿಗೆ 35ರ ಒಳಗಾದರೆ ಒಂದು ವರ್ಷ ಕಾದು ನೋಡಿ, 35 ದಾಟಿದ್ದರೆ ಆರೇ ತಿಂಗಳು. ಆಮೇಲೆ ಪರೀಕ್ಷೆಗೆ ಬನ್ನಿ.

ನನ್ನ ಮಗಳಂಥವಳು ಪರೀಕ್ಷೆಗೆ ಹೋದಳು. ಹೋದವಳು ಒಬ್ಬಳೇ. ರಕ್ತ ಕೊಟ್ಟಳು, ಅಂಡಗಳ ಸಂಗ್ರಹ ಎಷ್ಟಿದೆ ಎಂದು ಸೂಚಿಸುವ ಎಎಂಎಚ್ ನೋಡಿದರು, ಥೈರಾಯ್ಡ್ ನೋಡಿದರು. ಸ್ಕ್ಯಾನ್ ಆಯಿತು. ಗರ್ಭನಾಳ ತೆರೆದಿದೆಯೇ ಎಂದು ದ್ರವ ಹಾಯಿಸಿ ಎಕ್ಸ್‌ರೇ ತೆಗೆದರು. ನೋವಿನಿಂದ ಆ ದಿನವಿಡೀ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ನಮ್ಮ ದೇಶದಲ್ಲಿ ಕ್ಷಯರೋಗ ಗೊತ್ತಾಗದಂತೆ ಗರ್ಭನಾಳಕ್ಕೂ ತಗುಲಿ ಅದನ್ನು ಮುಚ್ಚಿಬಿಡುವುದುಂಟು. ಅದನ್ನೂ ನೋಡಿದರು. ಯಾವುದೂ ಇಲ್ಲ. ಅಷ್ಟು ಹೊತ್ತಿಗೆ ತಿಂಗಳುಗಳು ಕಳೆದಿದ್ದವು.

ಗಂಡಸಿನ ಮೊದಲ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇ ಇಲ್ಲ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಒಂದು ಸಣ್ಣ ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಮುಗಿಯಿತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಆದರೂ ಈ ಡಬ್ಬಿಯ ಸರದಿ ಬರುವುದು ಕೊನೆಗೆ. ನಮ್ಮ ಅಳಿಯ ಒಳ್ಳೆಯವನೇ. ಬೇಡ ಎನ್ನಲಿಲ್ಲ. "ಈ ವಾರ ರಿಲೀಸ್ ಉಂಟು, ಬರುವ ವಾರ ಹೋಗ್ತೇನೆ" ಎಂದ. ಸಾಫ್ಟ್‌ವೇರಿನವರ ರಿಲೀಸ್ ಮುಗಿಯುವಂಥದ್ದಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಕೊನೆಗೂ ಹೋದ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳಾದರೂ ಇರಬೇಕು, ನೂರರಲ್ಲಿ 42 ಚಲಿಸುತ್ತಿರಬೇಕು. ಅವನ ವರದಿಯಲ್ಲಿ ಎಣಿಕೆ ಕಡಿಮೆ, ಚಲನೆ ಇನ್ನೂ ಕಡಿಮೆ. ನಂಬಿಕೆ ಬರದೆ ಇನ್ನೊಂದು ಲ್ಯಾಬಿಗೆ ಹೋದ. ಅಲ್ಲಿಯೂ ಅದೇ.

ಇಲ್ಲಿ ಒಂದು ಮಾತನ್ನು ಯುವಕರಿಗೆ ಹೇಳಲೇಬೇಕು. ಮೈಕಟ್ಟಿಗೆಂದು ಜಿಮ್ಮುಗಳಲ್ಲಿ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರಿದ್ದಾರೆ. ಅದು ಗಂಡಸುತನದ ಹಾರ್ಮೋನು, ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಅವರ ತಿಳಿವಳಿಕೆ. ನಡೆಯುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳು ವೃಷಣಗಳಿಗೆ ಕಳಿಸುವ ಸೂಚನೆ ನಿಲ್ಲಿಸುತ್ತದೆ, ವೀರ್ಯಾಣುಗಳ ಉತ್ಪಾದನೆ ಕುಸಿಯುತ್ತದೆ. ಕೆಲವರಲ್ಲಿ ಪೂರ್ತಿ ನಿಂತೇಹೋಗುತ್ತದೆ. ಬಿಟ್ಟ ಮೇಲೆ ಮರಳಲು ತಿಂಗಳುಗಳೇ ಬೇಕು. ಸಿಗರೇಟು ಕೂಡ ಕೆಟ್ಟದ್ದೇ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಇವತ್ತು ಅಭ್ಯಾಸ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳಾಚೆಗೆ.

ನಮ್ಮ ಅಳಿಯನಿಗೆ ಇಂಥ ಯಾವ ಚಟವೂ ಇರಲಿಲ್ಲ, ಕಾರಣ ಏನೆಂದು ತಿಳಿಯಲಿಲ್ಲ. ತಿಳಿಯದೇ ಉಳಿಯುವುದೂ ಹಲವು ಸಲ. ಆದರೆ ಆ ವರದಿಯನ್ನು ಅವನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಅವನ ತಾಯಿ ಸೊಸೆಗೆ ಕಷಾಯದ ಪುಡಿ ಕಳಿಸುತ್ತಲೇ ಇದ್ದರು. ಇವಳು ಕುಡಿಯುತ್ತಲೇ ಇದ್ದಳು. ಒಂದು ರಾತ್ರಿ ಅವನಿಗೇ ತಡೆಯದೆ ಊರಿಗೆ ಫೋನು ಮಾಡಿ, "ಅಮ್ಮ, ತೊಂದರೆ ಇರುವುದು ನನ್ನಲ್ಲಿ. ಅವಳಿಗೆ ಇನ್ನು ಪುಡಿ ಕಳಿಸ್ಬೇಡಿ" ಎಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಹೇಳಿದ್ದು: "ಆಯ್ತು ಮಗ. ಆದ್ರೆ ಇದನ್ನು ಬೇರೆ ಯಾರ ಹತ್ರವೂ ಹೇಳ್ಬೇಡ." ಸೊಸೆಯಲ್ಲಿ ದೋಷ ಇದೆ ಎಂದು ಊರೆಲ್ಲ ಅಂದುಕೊಂಡಿದ್ದಾಗ ಈ ಎಚ್ಚರಿಕೆ ಯಾರಿಗೂ ಬಂದಿರಲಿಲ್ಲ. ಹಿರಿಯರನ್ನು ದೂರುವುದು ನನಗೂ ಇಷ್ಟವಿಲ್ಲ, ಆದರೂ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಸಿಟ್ಟು ಬಂತು.

ನಮ್ಮ ಅಳಿಯನಂತೆ ವೀರ್ಯಾಣು ಕಡಿಮೆ ಇರುವವರಿಗೆಂದೇ ಬಂದ ವಿಧಾನ ಇಕ್ಸಿ, ಇವರು ಹಿಡಿದದ್ದೂ ಅದನ್ನೇ. 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಿಂದ ಅದರ ಮೊದಲ ಹೆರಿಗೆಗಳ ಸುದ್ದಿ ಬಂತು. ಮಾಮೂಲಿ ಐವಿಎಫ್‌ನಲ್ಲಿ ಗಾಜಿನ ತಟ್ಟೆಯಲ್ಲಿ ಅಂಡಾಣುವಿನ ಸುತ್ತ ಸಾವಿರಾರು ವೀರ್ಯಾಣುಗಳನ್ನು ಬಿಡುತ್ತಾರೆ, ಒಳಹೊಗುವುದು ಅವುಗಳ ಪಾಡು. ಇಕ್ಸಿಯಲ್ಲಿ ಚೆನ್ನಾಗಿರುವ ಒಂದೇ ಒಂದು ವೀರ್ಯಾಣುವನ್ನು ಆರಿಸಿ, ಕೂದಲಿಗಿಂತ ಸಣ್ಣ ಸೂಜಿಯಿಂದ ಅಂಡಾಣುವಿನೊಳಗೆ ನೇರವಾಗಿ ಇಡುತ್ತಾರೆ. ಎಣಿಕೆ ಕೋಟಿಯಲ್ಲಿರಲಿ ನೂರರಲ್ಲಿರಲಿ, ಬೇಕಾದ್ದು ಒಂದು. ವಿಪರ್ಯಾಸ ನೋಡಿ: ತೊಂದರೆ ಗಂಡನದಾದರೂ ಚುಚ್ಚುಮದ್ದು ಹೆಂಡತಿಗೇ. ಹತ್ತು ಹನ್ನೆರಡು ದಿನ ದಿನವೂ ಹೊಟ್ಟೆಗೆ ಹಾರ್ಮೋನು, ದಿನ ಬಿಟ್ಟು ದಿನ ಸ್ಕ್ಯಾನ್. ತಿಂಗಳಿಗೊಂದು ಬಲಿಯುವ ಅಂಡಕೋಶ ಈಗ ಒಟ್ಟಿಗೆ ಹತ್ತಾರು ಬಲಿಯಬೇಕು.

ಅವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ದೋಸೆಹಿಟ್ಟಿನ ಪಾತ್ರೆಯ ಎದುರಿಗೆ ಆ ಇಂಜೆಕ್ಷನ್ ಪೆನ್ನುಗಳಿದ್ದವು. ಚುಚ್ಚುವ ಕೆಲಸ ಅಳಿಯ ವಹಿಸಿಕೊಂಡ. ನರ್ಸಮ್ಮ ಒಮ್ಮೆ ತೋರಿಸಿಕೊಟ್ಟರು, ಆಮೇಲೆ ಅವನೇ. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು ಚರ್ಮ ಎತ್ತಿ ಹಿಡಿದು, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಸೂಜಿ ಒಳಗಿಟ್ಟು ನಿಧಾನ ಹತ್ತು ಎಣಿಸಿ ತೆಗೆಯಬೇಕು. ಮೊದಲ ದಿನ ಅವನ ಕೈ ನಡುಗಿ ಇವಳೇ ಅವನಿಗೆ ಧೈರ್ಯ ಹೇಳಬೇಕಾಯಿತಂತೆ.

ಕೊನೆಯ ಇಂಜೆಕ್ಷನ್ನಿಗೆ ಮಾತ್ರ ಗಡಿಯಾರ ಹಿಡಿದು ಕೂರಬೇಕು. ಅದು ಅಂಡಾಣುವನ್ನು ಪಕ್ವಗೊಳಿಸುವ ಮದ್ದು. ಕೊಟ್ಟು ಸುಮಾರು 36 ಗಂಟೆಗೆ ಅಂಡಾಣು ಹೊರತೆಗೆಯಬೇಕು, ತಡವಾದರೆ ಕೋಶ ಒಡೆದು ಎಲ್ಲ ವ್ಯರ್ಥ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುವುದಾದರೆ ಸೋಮವಾರ ರಾತ್ರಿ ಒಂಬತ್ತಕ್ಕೆ ಚುಚ್ಚಲೇಬೇಕು. ಆ ಸೋಮವಾರವೇ ಕುರ್ಲಾದ ಬಂಟರ ಭವನದಲ್ಲಿ ಹತ್ತಿರದ ಸಂಬಂಧಿಕರ ರಿಸೆಪ್ಶನ್. ಹೋಗದಿದ್ದರೆ ಯಾಕೆ ಬರಲಿಲ್ಲ ಎಂದು ಹತ್ತು ಕಡೆ ಉತ್ತರ ಹೇಳಬೇಕು. ಐಸ್ ಪ್ಯಾಕಿನ ನಡುವೆ ಸಿರಿಂಜು ಇಟ್ಟು ಟಿಫಿನ್ ಚೀಲದಲ್ಲಿ ಒಯ್ದರು. ಒಂಬತ್ತಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಮೆಲ್ಲಗೆ ಹೊರಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮೊಬೈಲಿನ ಬೆಳಕಿನಲ್ಲಿ, ರೇಷ್ಮೆ ಸೀರೆಯ ನೆರಿಗೆ ಸರಿಸಿ, ಚುಚ್ಚಿ ಮುಗಿಸಿದರು. ನಾನು ಹೊರಗೆ ಕಾವಲು ನಿಂತಿದ್ದೆ. ತಿರುಗಿ ಊಟದ ಸಾಲಿಗೆ ಬಂದರೆ ಬೊರಿವಲಿಯಿಂದ ಬಂದ ಒಬ್ಬರು ಇವಳ ಬೆನ್ನು ತಟ್ಟಿ, "ಸ್ವಲ್ಪ ದಪ್ಪ ಆಗಿದ್ದಿ, ವಿಶೇಷವಾ?" ಎಂದರು. ಹಾರ್ಮೋನಿಗೆ ಮೈ ಊದಿಕೊಂಡಿತ್ತು. ಇವಳು ನಕ್ಕು ನೀರುದೋಸೆ ಹಾಕಿಸಿಕೊಂಡಳು.

ಅಂಡಾಣು ತೆಗೆದರು, ಭ್ರೂಣಗಳಾದವು, ಐದನೆಯ ದಿನದವರೆಗೆ ಬೆಳೆದವು. ಆದರೆ ಹೊಟ್ಟೆ ಉಬ್ಬರಿಸಿ ನೀರು ತುಂಬುವ ಲಕ್ಷಣ ಕಂಡದ್ದರಿಂದ ವೈದ್ಯರು ಆ ತಿಂಗಳು ಗರ್ಭಕ್ಕಿಡಲಿಲ್ಲ. ಎಲ್ಲವನ್ನೂ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಫ್ರೀಜ್ ಮಾಡಿದರು. ಮೈ ಸುಧಾರಿಸಿದ ಮೇಲೆ ಒಂದನ್ನು ಕರಗಿಸಿ ಇಟ್ಟರು.

ಭ್ರೂಣವನ್ನು ಹೀಗೆ ಹೆಪ್ಪುಗಟ್ಟಿಸಿಡುವ ವಿದ್ಯೆ ಇವತ್ತು ಪವಾಯಿಯಲ್ಲಿ ದಿನನಿತ್ಯದ್ದು. ಇದನ್ನು ಮಾಡಿದ ಮೊದಲಿಗರಲ್ಲಿ ನಮ್ಮ ದೇಶದವರೊಬ್ಬರಿದ್ದರು, ಅವರನ್ನು ನಾವು ನಡೆಸಿಕೊಂಡ ರೀತಿ ನೆನೆದರೆ ತಲೆ ತಗ್ಗಿಸಬೇಕು. ಲೋಕದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಎರಡು ತಿಂಗಳು ಚಿಲ್ಲರೆ ದಿನ ಕಳೆದು, ಅಕ್ಟೋಬರ್ 3ಕ್ಕೆ, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಹಾರ್ಮೋನು ಕೊಟ್ಟು ಅಂಡಗಳನ್ನು ಬೆಳೆಸುವುದು, ಭ್ರೂಣವನ್ನು ಹೆಪ್ಪುಗಟ್ಟಿಸಿ ಮುಂದಿನ ಋತುಚಕ್ರದಲ್ಲಿ ಇಡುವುದು, ಎರಡನ್ನೂ ಅವರು ಆಗಲೇ ಮಾಡಿದ್ದರು. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಪ್ರಾಣ ತಾವೇ ತೆಗೆದುಕೊಂಡರು.

ಮುಂದೆ 1986ರ ಆಗಸ್ಟ್ 6ರಂದು ನಮ್ಮ ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಹುಟ್ಟಿದಳು. ಡಾ. ಇಂದಿರಾ ಹಿಂದುಜಾ ಮತ್ತು ಅಲ್ಲೇ ಪರೇಲಿನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ. ಸಿ. ಆನಂದ ಕುಮಾರ್ ಸೇರಿ ಮಾಡಿದ ಕೆಲಸ. ಭಾರತದ ಮೊದಲ ಪ್ರನಾಳ ಶಿಶು ಎಂದು ದಾಖಲಾಯಿತು.  ಆನಂದ ಕುಮಾರ್ ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು, ಅಲ್ಲೇ ಚಿಕಿತ್ಸಾ ಕೇಂದ್ರ ನಡೆಸಿದರು. 1997ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳು ಅವರ ಕೈಗೆ ಬಂದವು. ಓದಿ ನೋಡಿ, ಮೊದಲಿಗನೆಂಬ ಹೆಸರು ನನ್ನದಲ್ಲ, ಆ ಕಲ್ಕತ್ತೆಯ ವೈದ್ಯರದು ಎಂದು ತಾವೇ ಬಹಿರಂಗವಾಗಿ ಸಾರಿದರು. ತನ್ನ ಹೆಸರಿಗಿದ್ದ ಪಟ್ಟವನ್ನು ಸತ್ತವನೊಬ್ಬನಿಗೆ ಬಿಟ್ಟುಕೊಟ್ಟ ವಿಜ್ಞಾನಿಗಳು ಎಷ್ಟು ಮಂದಿ ಇದ್ದಾರು? ಆನಂದ ಕುಮಾರ್ ಅವರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಬರಬೇಕಿತ್ತು. 2016ರಲ್ಲಿ ಹರ್ಷಾ ತಾನೂ ತಾಯಿಯಾದಳು, ಹೆರಿಗೆ ಮಾಡಿಸಿದವರೂ ಡಾ. ಹಿಂದುಜಾ ಅವರೇ.

ಕೆಇಎಂ ಮುನಿಸಿಪಾಲಿಟಿಯ ಆಸ್ಪತ್ರೆ ಎಂಬುದನ್ನು ಗಮನಿಸಿ. ಬಡವರ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ವಿದ್ಯೆ ಇವತ್ತು ಬಹುಪಾಲು ಖಾಸಗಿಯವರ ಕೈಯಲ್ಲಿದೆ. ಮುಂಬಯಿಯಲ್ಲಿ ಚಿಕಿತ್ಸೆಯ ಒಂದು ಸುತ್ತಿಗೆ ಔಷಧ ಸೇರಿ ಲಕ್ಷದ ಮೇಲೆಯೇ ಆಗುತ್ತದೆ, ಎರಡು ಲಕ್ಷ ದಾಟುವುದೂ ಅಪರೂಪವಲ್ಲ. ಹೆಚ್ಚಿನ ಆರೋಗ್ಯ ವಿಮೆಗಳು ಇದನ್ನು ಹೊರಗಿಟ್ಟಿವೆ. ನೆರೆಯ ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜು 2023ರಲ್ಲಿ ಉಚಿತ ಐವಿಎಫ್ ಶುರುಮಾಡಿತು. ಬೇರೆ ರಾಜ್ಯಗಳೂ ಆ ದಾರಿ ಹಿಡಿಯಬೇಕು. ಹೋಟೆಲಿನ ಮಾಣಿಗೂ ಮಗು ಬೇಕೆಂಬ ಆಸೆ ಇರುತ್ತದೆ.

ನಮ್ಮ ಹುಡುಗಿಗೆ ಮೊದಲು ಇಟ್ಟ ಭ್ರೂಣ ನಿಲ್ಲಲಿಲ್ಲ. ಎರಡು ವಾರ ಕಾದು ರಕ್ತ ಕೊಡುತ್ತಾರಲ್ಲ, ಎಲ್ಲರೂ ಬೀಟಾ ಎನ್ನುತ್ತಾರೆ, ಅದರ ವರದಿ ಮೊಬೈಲಿಗೇ ಬಂತು. ಅವಳು ಆಫೀಸಿನಲ್ಲಿದ್ದಳು. ಐದಕ್ಕಿಂತ ಕಡಿಮೆ ಎಂದಿತ್ತು, ಅಂದರೆ ಇಲ್ಲ. ಮೀಟಿಂಗ್ ಮುಗಿಸಿ, ಮನೆಗೆ ಬಂದು, ಬಟ್ಟೆ ಮಡಚಿಟ್ಟು, ಆಮೇಲೆ ನನಗೆ ಫೋನು ಮಾಡಿದಳು. "ದೊಡ್ಡಮ್ಮ, ಆಗ್ಲಿಲ್ಲ" ಅಂದಳು. ನಾನು ಏನೂ ಹೇಳಲಿಲ್ಲ. ಇನ್ನೊಂದು ಸಲ ನೋಡುವ, ದೇವರಿದ್ದಾನೆ ಎಂಬ ಮಾತುಗಳೆಲ್ಲ ಬಾಯಿಗೆ ಬಂದವು, ನುಂಗಿಕೊಂಡೆ. ಗಂಜಿ ಮತ್ತು ಮಾವಿನಮಿಡಿ ತಗೊಂಡು ಹೋಗಿ ಅವರ ಮನೆಯಲ್ಲಿ ಕೂತೆ, ಅಷ್ಟೆ.

ಜಾಹೀರಾತು ನೋಡಿ ಹೋಗುವವರಿಗೆ ಈ ಸೋಲಿನ ಲೆಕ್ಕವನ್ನು ಯಾರೂ ಮೊದಲೇ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರದ ನಿಯಂತ್ರಣ ಸಂಸ್ಥೆಯೇ ಇದನ್ನು ಪ್ರಕಟಿಸುತ್ತದೆ. ಅದರ ಪ್ರಕಾರ 35ರ ಒಳಗಿನ ಹೆಂಗಸರಲ್ಲಿ ಗರ್ಭಕ್ಕಿಟ್ಟ ಮೂರು ಭ್ರೂಣಗಳಲ್ಲಿ ಸುಮಾರು ಒಂದು ಮಗುವಾಗಿ ಹುಟ್ಟುತ್ತದೆ. ನಲ್ವತ್ತು ದಾಟಿದರೆ ಹತ್ತರಲ್ಲಿ ಒಂದು. ಅಂದರೆ ಮೊದಲ ಸಲ ಆಗದಿರುವುದೇ ಸಹಜ. ನೂರಕ್ಕೆ ಎಂಬತ್ತು ಗ್ಯಾರಂಟಿ ಎನ್ನುವ ಕೇಂದ್ರವಿದ್ದರೆ ಆ ಎಂಬತ್ತು ಯಾವುದರ ಎಂಬತ್ತು, ಪರೀಕ್ಷೆ ಪಾಸಿಟಿವ್ ಆದದ್ದೋ ಮಗು ಮನೆಗೆ ಬಂದದ್ದೋ, ಎಷ್ಟು ವಯಸ್ಸಿನವರಲ್ಲಿ, ಎಂದು ಕೇಳಿ.

ಕಾನೂನೂ ಇದೆ. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ನೋಂದಣಿಯಿಲ್ಲದೆ ಕೇಂದ್ರ ನಡೆಸುವಂತಿಲ್ಲ. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ. ಇಬ್ಬರ ಲಿಖಿತ ಒಪ್ಪಿಗೆ ಬೇಕು. ಭ್ರೂಣವನ್ನು ಹತ್ತು ವರ್ಷದವರೆಗೆ ಇಡಬಹುದು. ಗಂಡೋ ಹೆಣ್ಣೋ ಆರಿಸಿಕೊಡುತ್ತೇವೆ ಎಂದರೆ ಅದು ಅಪರಾಧ, ಎದ್ದು ಬನ್ನಿ. ಸಹಿ ಹಾಕುವ ಪ್ರತಿ ಕಾಗದದ ನಕಲು ಕೇಳಿ ಪಡೆಯಿರಿ. ನಮ್ಮವರು ಎಲ್ಲವನ್ನೂ ಒಂದು ನೀಲಿ ಫೈಲಿನಲ್ಲಿ ಜೋಡಿಸಿದ್ದರು. ಎರಡನೆಯ ಅಭಿಪ್ರಾಯಕ್ಕೆ ಬೇರೆ ವೈದ್ಯರ ಬಳಿ ಹೋದಾಗ ಆ ಫೈಲು ಇದ್ದದ್ದರಿಂದ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿಸುವುದು ತಪ್ಪಿತು.

ಫ್ರೀಜ್ ಮಾಡಿದ ಭ್ರೂಣಗಳು ಉಳಿದಿದ್ದವು. ಕೆಲವು ತಿಂಗಳು ಬಿಡುವು ತೆಗೆದುಕೊಂಡರು. ಸಂಜೆ ಕೆರೆಯ ದಂಡೆಯಲ್ಲಿ ನಡೆದರು, ಊರಿಗೆ ಹೋಗಿ ಬಂದರು. ಮತ್ತೆ ಶುರುಮಾಡಿದಾಗ ಅಳಿಯ ಪ್ರತಿ ಭೇಟಿಗೂ ರಜೆ ಹಾಕಿ ಜೊತೆಗೆ ಹೋದ. ಈ ಸಲ ಬೀಟಾ ಏರಿತು, ಎರಡು ದಿನ ಬಿಟ್ಟು ನೋಡಿದಾಗ ದುಪ್ಪಟ್ಟಾಗಿತ್ತು. ಏಳನೆಯ ವಾರದ ಸ್ಕ್ಯಾನಿನಲ್ಲಿ ಎದೆಬಡಿತ ಕಂಡಿತು. ಆಮೇಲೂ ಕೆಲವು ವಾರ ಪ್ರೊಜೆಸ್ಟೆರಾನ್ ಮದ್ದು ನಡೆಯಿತು. ಈಗ ಅವಳಿಗೆ ಏಳನೆಯ ತಿಂಗಳು. ಬಯಕೆಯ ಊಟಕ್ಕೆ ಯಾರನ್ನು ಕರೆಯುವುದು, ಐವಿಎಫ್ ಎಂದು ಹೇಳುವುದೋ ಬೇಡವೋ ಎಂದು ಎರಡು ಮನೆಯವರ ನಡುವೆ ಚರ್ಚೆ ನಡೆಯುತ್ತಿದೆ. ಅಳಿಯನದು ಒಂದೇ ಮಾತು: "ಯಾರಾದರೂ ಕೇಳಿದ್ರೆ ಹೇಳುವ. ಸುಳ್ಳು ಬೇಡ." ಅವನ ತಾಯಿ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಕೋಡುಬಳೆ ಚಕ್ಕುಲಿ ಎಷ್ಟು ಬೇಕೆಂದು ಈಗಲೇ ಲೆಕ್ಕ ಹಾಕುತ್ತಿದ್ದಾರೆ.

ಇಷ್ಟೆಲ್ಲ ಮಾಡಿಯೂ ಮಗುವಾಗದವರು ಬಹಳ ಜನ ಇದ್ದಾರೆ. ಇಷ್ಟು ಸಾಕು ಎಂದು ನಿಲ್ಲಿಸುವ ಹಕ್ಕು ಅವರಿಗಿದೆ. ದತ್ತು ತೆಗೆದುಕೊಳ್ಳುವುದೋ ಇಬ್ಬರೇ ಇರುವುದೋ ಅವರಿಗೆ ಬಿಟ್ಟದ್ದು, ನಮ್ಮ ಸಲಹೆ ಬೇಡ. ಮದುವೆಮನೆಯಲ್ಲಿ, ಪೂಜೆಯಲ್ಲಿ ಎದುರು ಸಿಕ್ಕವರನ್ನು ವಿಶೇಷ ಉಂಟಾ ಎಂದು ಕೇಳುವುದನ್ನು ನಿಲ್ಲಿಸೋಣ. ಇದ್ದರೆ ಅವರಾಗಿಯೇ ಹೇಳುತ್ತಾರೆ.

ಇನ್ನು ವರ್ಷ ಕಳೆದೂ ಫಲ ಕಾಣದೆ ಯೋಚಿಸುತ್ತಿರುವ ದಂಪತಿಗಳಿಗೆ: ಇಬ್ಬರೂ ಒಂದೇ ದಿನ, ಒಂದೇ ವೈದ್ಯರ ಬಳಿ ಹೋಗಿ. ಹೆಂಡತಿಯ ಎಕ್ಸ್‌ರೇಗೆ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಸಾಮಾನ್ಯವಾಗಿ ಅದರ ವರದಿ ಒಂದೆರಡು ದಿನದಲ್ಲೇ ಕೈಗೆ ಬರುತ್ತದೆ.